ಇನ್ನೊಂದು ಸೀಟು

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಮಧ್ಯಾಹ್ನ ಎರಡು ಗಂಟೆಗೇ ಶಿಕಾರಿಪುರದ ಅಂಗಡಿಯವರು ದೀಪ ಹಾಕಿಕೊಂಡು ಕೂತಿದ್ದರು. ಶಿರಾಳಕೊಪ್ಪ ರಸ್ತೆಯಲ್ಲಿ ಊರು ಮುಗಿಯುವ ಕಡೆ ಮಾಸ್ತಪ್ಪನ ಮನೆ, ಮನೆಗೆ ಒತ್ತಿಕೊಂಡು ತಗಡಿನ ಶೆಡ್ಡು, ಶೆಡ್ಡಿನೊಳಗೆ ಅವನ ಹಳೆಯ ಬಿಳಿ ಅಂಬಾಸಿಡರ್. ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ, ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಹಾಗಾಗಿ ಮಾಸ್ತಪ್ಪ ಬಂದವರಿಬ್ಬರನ್ನೂ ಕಾರಿನೊಳಗೆ ಕೂರಿಸಿ, ಗಾಜು ಏರಿಸಿದ. ಎಡಗಡೆಯ ಕಿಟಕಿಗೆ ಆತು ತಾನು ಕೂತ. ಹಿಂದಿನ ಸೀಟಿನಲ್ಲಿ ಮೆಕ್ಯಾನಿಕ್ ಕೊಟ್ರೇಶ್. ಸ್ಟೇರಿಂಗ್ ಮುಂದೆ ಅಶ್ವಿನಿ.

ಅಶ್ವಿನಿ ಬಂದದ್ದು ಕಾರಿಗಾಗಿ ಅಲ್ಲ, ಒಂದು ಮಾತಿಗಾಗಿ. ಸೊರಬದಾಚೆ ಉಳವಿಯ ಹತ್ತಿರದ ಹಳ್ಳಿಯಲ್ಲಿ ಅವಳ ಅಜ್ಜಿ ಬಂಗಾರಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಇನ್ನು ಹೆಚ್ಚು ದಿನ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಮುದುಕಿಗೂ ಗೊತ್ತಿತ್ತು. ಗಂಜಿ ಬೇಡ, ಮಾತ್ರೆ ಬೇಡ ಎನ್ನುವ ಅವಳು ಬೇಕು ಎಂದು ಕೇಳುತ್ತಿದ್ದುದು ಒಂದನ್ನೇ. ಮೂವತ್ತಾರು ವರ್ಷದ ಹಿಂದೆ ಈ ಕಾರಿನಲ್ಲಿ ಸೊರಬಕ್ಕೆ ಬರುತ್ತಾ ಸತ್ತುಹೋದ ಗಂಡ ಧರ್ಮಪ್ಪ ಕೊನೆಗೆ ಏನಂದ? ಕಾರು ಓಡಿಸುತ್ತಿದ್ದ ಮಾಸ್ತಪ್ಪ ತಿಥಿಯೂಟಕ್ಕೆ ಬಂದಾಗ, "ಬಂಗಾರಿ ಅಂತ ನಿನ್ನ ಹೆಸರು ಹೇಳ್ದ" ಅಂದಿದ್ದ. ನೆಂಟರೆಲ್ಲ ಕಣ್ಣೊರೆಸಿಕೊಂಡಿದ್ದರು. ಅದು ಸುಳ್ಳೆಂದು ಬಂಗಾರಮ್ಮನಿಗೆ ಅಲ್ಲೇ ಗೊತ್ತಾಗಿತ್ತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಧರ್ಮಪ್ಪ ಒಂದು ದಿನವೂ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. "ಏ ಇವಳೇ" ಎನ್ನುವುದೇ ಅವನ ಕರೆ. ಆದರೂ ತುಂಬಿದ ಪಂಕ್ತಿಯಲ್ಲಿ ಒಬ್ಬ ಗಂಡಸಿನ ಮಾತನ್ನು ಸುಳ್ಳು ಮಾಡುವುದು ಹೇಗೆ ಎಂದು ಸುಮ್ಮನಿದ್ದಳು.

"ಆ ಡ್ರೈವರ್ ಇನ್ನೂ ಬದುಕಿದಾನಂತೆ. ಹೋಗಿ ನಿಜ ಇಸ್ಕೊಂಡು ಬಾ. ಬೈದಿದ್ರೂ ಸೈ, ನನ್ನ ಹೆಸರು ಎತ್ತದೇ ಇದ್ರೂ ಸೈ. ಅವರು ಆಡಿದ ಮಾತು ನಂಗೆ ಬೇಕು" ಎಂದು ಮೊಮ್ಮಗಳನ್ನು ಅಟ್ಟಿದ್ದಳು.

ಅದನ್ನೆಲ್ಲ ಕೇಳಿದ ಮೇಲೆ ಮಾಸ್ತಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಎಪ್ಪತ್ತೆಂಟರ ಮುದುಕ, ಮಾತು ಮಾತ್ರ ಚುರುಕು. "ಹೇಳ್ತೀನಿ. ಆದ್ರೆ ಸ್ಟೇರಿಂಗ್ ಮುಂದೆ ಕೂತು ಕೇಳ್ಬೇಕು. ಗೇರು ತಿಳೀದೋರಿಗೆ ಈ ಕತೆ ತಿಳಿಯಂಗಿಲ್ಲ" ಎಂದು ಹಟ ಹಿಡಿದು ಅವಳನ್ನು ಆ ಜಾಗದಲ್ಲಿ ಕೂರಿಸಿದ್ದ.

ಅಶ್ವಿನಿಗೆ ಕಾರು ಓಡಿಸಿ ಅಭ್ಯಾಸವಿತ್ತು. ಕೂತ ಕೂಡಲೇ ಅವಳ ಎಡಗೈ ತನ್ನಷ್ಟಕ್ಕೆ ತೊಡೆಯ ಪಕ್ಕಕ್ಕೆ ಇಳಿಯಿತು. ಅಲ್ಲಿ ಗೇರ್ ಇರಲಿಲ್ಲ. ಆ ಬಾಗಿಲಿನಿಂದ ಈ ಬಾಗಿಲಿನವರೆಗೆ ಮಂಚದ ಹಾಗೆ ಒಂದೇ ಉದ್ದನೆಯ ಸೀಟು, ಅಷ್ಟೇ.

"ಕೆಳಗೆ ಹುಡುಕ್ಬ್ಯಾಡ, ಮೇಲೈತಿ" ಎಂದ ಮಾಸ್ತಪ್ಪ. "ಸ್ಟೇರಿಂಗಿನ ಕೆಳಗೆ, ಎಡಕ್ಕೆ ಒಂದು ಕಡ್ಡಿ ಚಾಚ್ಕೊಂಡೈತಲ್ಲ, ಅದು. ಸ್ಟೇರಿಂಗ್ ಗೇರು. ಕ್ಲಚ್ ಒತ್ತು. ನಿನ್ನ ಕಡೆ ಎಳ್ಕೊಂಡು ಮೇಲೆತ್ತು. ಅದು ಫಸ್ಟು. ಹಂಗೇ ಕೆಳಗೆ ತಂದ್ರೆ ಸೆಕೆಂಡು. ಎಳೆಯೋದು ಬಿಟ್ಟು ಮೇಲಕ್ಕೆ ಹಾಕಿದ್ರೆ ಥರ್ಡು, ಕೆಳಗೆ ಟಾಪು. ಹಾಕಿ ನೋಡು."

ಅಶ್ವಿನಿ ಎರಡು ಸಲ ಪ್ರಯತ್ನಿಸಿದಳು. ಮೊದಲ ಸಲ ಕಡ್ಡಿ ನಡುವೆಯೇ ಸಿಕ್ಕಿಕೊಂಡಿತು. ಎರಡನೆಯ ಸಲ ಕಟ್ ಎಂದು ಕೂತಿತು.

"ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡ್ಲಾ ಅಜ್ಜ?" ಎಂದು ಹಿಂದಿನಿಂದ ಕೊಟ್ರೇಶ್ ಕೇಳಿದ. ಮದುವೆ ಮೆರವಣಿಗೆಗೆ ಬಾಡಿಗೆ ಬಿಡಲು ಈ ಕಾರು ಸಿಕ್ಕರೆ ಸಾಕೆಂದು ಐದು ವರ್ಷದಿಂದ ಮುದುಕನ ಬೆನ್ನು ಬಿದ್ದಿದ್ದವನು ಅವನು. ಅಶ್ವಿನಿಗೆ ಮನೆ ತೋರಿಸಿದವನೂ ಅವನೇ.

"ನೀ ಬಾಯಿ ಮುಚ್ಕೊಂಡು ಕೂರು. ಮೊಬೈಲ್ ನೋಡ್ಕೊಂಡು ಎಂಜಿನ್ ಬಿಚ್ಚೋನು ನೀನು. ನಾನು ಹೇಳೋವಾಗ ಮಧ್ಯ ಬಾಯಿ ಹಾಕಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ. ನಿಲ್ಲಿಸಿದ್ರೆ ಮತ್ತೆ ಹೇಳೋ ತ್ರಾಣ ನಂಗಿಲ್ಲ" ಎಂದ ಮಾಸ್ತಪ್ಪ, ಎದುರಿನ ಗಾಜಿನ ಆಚೆಗಿದ್ದ ಮುಚ್ಚಿದ ಶೆಡ್ಡಿನ ಬಾಗಿಲು ನೋಡುತ್ತಾ ಶುರುಮಾಡಿದ.

"ಆವಾಗ ಶಿಕಾರಿಪುರದಿಂದ ಸೊರಬಕ್ಕೆ ಬಸ್ಸು ಕಮ್ಮಿ. ನಾವು ಟ್ಯಾಕ್ಸಿಯೋರು ಮೂರು ಮಂದಿ ಇದ್ವಿ. ಸೀಟು ತುಂಬಿದ್ರೆ ಗಾಡಿ ಬಿಡೋದು, ತುಂಬದಿದ್ರೆ ಇಲ್ಲ. ಸೀಟು ತುಂಬೋದು ಅಂದ್ರೆ ಈಗಿನಂಗಲ್ಲವ್ವಾ, ಒಬ್ರಿಗೊಂದು ಬೆಲ್ಟು ಕಟ್ಟಿ ಕೂರ್ಸೋದಲ್ಲ... ಹಿಂದೆ ಆರು ಜನ, ಮುಂದೆ ನಾಕು ಜನ. ಗೇರು ಕೆಳಗಿರ್ತಿರ್ಲಿಲ್ಲ ನೋಡು, ಹಿಂಗೆ ಮೇಲಿತ್ತು, ಅದಕ್ಕೇ ಮುಂದಿನ ಸೀಟೂ ಪೂರಾ ಮಂದಿಗೇ. ನನ್ನ ಬಲಕ್ಕೆ, ಬಾಗಿಲಿಗೂ ನಂಗೂ ನಡುವೆ ಒಬ್ಬ ಕೂರ್ತಿದ್ದ. ಡ್ರೈವರ್‌ನ ಬಲಕ್ಕೆ ಮನುಷ್ಯ ಕೂರೋದು ಕಂಡೀರೇನು ನೀವು? ಇಲ್ಲ. ನಿಮ್ಮ ಕಾಲ್ದಾಗೆ ಅದು ಕೇಸು. ನಾನು ಸ್ಟೇರಿಂಗಿಗೆ ಓರೆಯಾಗಿ ಕೂತು ಹೊಡೀಬೇಕು, ಎಡಗೈ ಪಕ್ಕದೋನ ಪಕ್ಕೆಗೆ ಸಿಕ್ಕೊಂಡು ಸ್ಟೇರಿಂಗ್ ಬಿಟ್ಟು ಗೇರಿಗೆ ತರಾಕೆ ಬರ್ತಿರ್ಲಿಲ್ಲ. ಹಂಗಿದ್ದಾಗ ಗೇರ್ ಹಾಕೋರು ಯಾರು? ಎಡಕ್ಕೆ ಕೂತೋನೇ ಹಾಕ್ಬೇಕು. ನಾನು ಕ್ಲಚ್ ಒತ್ತೋದು, ಅವನು ಗೇರ್ ಹಾಕೋದು. ನಗಬ್ಯಾಡ್ರಿ, ಆ ಲೈನಿನಾಗೆ ಎಲ್ಲರೂ ಹಂಗೇ ಹೊಡೀತಿದ್ವಿ.

"ಆ ಎಡಗಡೆ ಸೀಟು ಆರು ವರ್ಷ ನಿಮ್ಮಜ್ಜಂದು. ಶಿಕಾರಿಪುರದ ಪೇಟೆಯಾಗೆ ಅವನ ಟೈಲರ್ ಅಂಗಡಿ ಇತ್ತು. ಸೋಮವಾರ ಬಂದ್ರೆ ಶನಿವಾರ ಮನೆಗೆ. ಮೊದಮೊದಲು ನಾನು 'ಹಾಕು' ಅಂತಿದ್ದೆ, ಅವನು ಹಾಕ್ತಿದ್ದ. ಆಮೇಲಾಮೇಲೆ ಅದೂ ಬೇಕಾಗಿರ್ಲಿಲ್ಲ. ಹೊಲಿಗೆ ಮಿಷನ್ ತುಳಿಯೋ ಮನುಷ್ಯ, ನನ್ನ ಕಾಲು ಏಳೋದು ಬೀಳೋದು ಅವನ ಮೈಗೆ ಗೊತ್ತಾಗ್ತಿತ್ತು. ನಾನು ಕ್ಲಚ್ ಮೇಲೆ ಕಾಲಿಟ್ರೆ ಅಲ್ಲಿ ಗೇರ್ ಬಿದ್ದಿರ್ತಿತ್ತು. ಒಂದೇ ಒಂದು ದೋಷ... ಥರ್ಡಿಂದ ಸೆಕೆಂಡಿಗೆ ತರೋವಾಗ ಕರ್ರ್ ಅನ್ನಿಸ್ತಿದ್ದ. 'ಏ ಟೈಲರಾ, ಬಟ್ಟೆ ಹರೀತು ನೋಡೋ' ಅಂತ ನಾನು, 'ನಿನ್ನ ಗಾಡಿ ಬಟ್ಟೆನೇ ಹಳೇದು' ಅಂತ ಅವನು. ಗಾಡಿ ತುಂಬ ನಗು."

ಅಶ್ವಿನಿ ಅಜ್ಜನನ್ನು ಕಂಡವಳಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಅವನು ಬಿಗಿದುಕೊಂಡು ನಿಂತಿದ್ದ. ನಗುತ್ತಿದ್ದ, ಮಾತಿಗೆ ಮಾತು ಕೊಡುತ್ತಿದ್ದ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅವಳಿಗೆ ಮನಸ್ಸು ತುಂಬಿ ಬಂತು. ಈ ಮುದುಕನ ಮೇಲೆ ಮೊದಲ ಸಲ ಪ್ರೀತಿಯೂ ಹುಟ್ಟಿತು.

"ಆವತ್ತು ಶನಿವಾರ ಅಲ್ಲ, ಬುಧವಾರ" ಎಂದು ಮಾಸ್ತಪ್ಪ ದನಿ ತಗ್ಗಿಸಿ ಮುಂದುವರಿಸಿದ. "ಹಿಂಗೇ ಮಳೆ. ಬೆಳಗ್ಗೆ ಹನ್ನೊಂದಕ್ಕೆ ಅಂಗಡಿ ಬಾಗಿಲು ಹಾಕ್ಕೊಂಡು ಬಂದ. ಕರಿ ಶಾಲು ಹೊದ್ದಿದ್ದ. ಮುಖ ಬೆವರಿತ್ತು. 'ಮಾಸ್ತಪ್ಪ, ಎದೆ ಹಿಡ್ದಂಗೆ ಆಗ್ತೈತಿ. ಸೊರಬದಾಗೆ ನಂಗೆ ಗೊತ್ತಿರೋ ಡಾಕ್ಟ್ರು ಅದಾರೆ, ಜಲ್ದಿ ಬಿಟ್ಬಿಡು' ಅಂದ. ಇಲ್ಲೇ ತೋರಿಸ್ಕೊಳ್ಳೋ ಅಂದೆ. ಕೇಳ್ಲಿಲ್ಲ. 'ನಿನ್ನ ಗಾಡಿಯಾಗೆ ಒಂದೂವರೆ ತಾಸಿನ ದಾರಿ, ಅಲ್ಲಿಗೇ ಹೋಗ್ತೀನಿ' ಅಂದ. ನಾನು ಒಪ್ಕೊಂಡೆ. ಎದೆ ಮುಟ್ಕೊಂಡು ಒಪ್ಕೊಂಡೆ ಕಣವ್ವಾ, ಎಲ್ಲೂ ನಿಲ್ಲಿಸಲ್ಲ ಅಂತ.

"ಮುಕ್ಕಾಲು ತಾಸಿಗೆ ಶಿರಾಳಕೊಪ್ಪ ಮುಟ್ಟಿದ್ವಿ. ಅಲ್ಲಿ ಐದು ಜನ ಇಳಿದ್ರು... ಐದು ಸೀಟು ಖಾಲಿ. ನಾನು ಏನು ಮಾಡ್ಬೇಕಿತ್ತು ಹೇಳ್ರಿ? ಗಾಡಿ ಸೊರಬದ ಕಡೆ ತಿರುಗಿಸ್ಕೊಂಡು ಹಂಗೇ ಹೋಗ್ಬೇಕಿತ್ತು. ಗೊತ್ತೈತಿ. ಈಗ ಗೊತ್ತೈತಿ. ಆದ್ರೆ ಹದಿನೆಂಟು ವರ್ಷದಿಂದ ಖಾಲಿ ಸೀಟು ಇಟ್ಕೊಂಡು ಗಾಡಿ ಬಿಟ್ಟು ಗೊತ್ತಿರ್ಲಿಲ್ಲ ನಂಗೆ. ಕಾಲು ಬ್ರೇಕ್ ಮೇಲೇ ಹೋಯ್ತು. ಹತ್ತು ನಿಮಿಷ, ಸೀಟು ಆಗ್ತಾವೆ ಅಂದೆ. ಇಳಿದು ಟೀ ಅಂಗಡಿಗೆ ಹೋದೆ. ಅವನು ಇಳೀಲಿಲ್ಲ, ಅವನ ಜಾಗದಾಗೇ ಕೂತಿದ್ದ.

"ಮೊದಲು ಮೂರು ಸೀಟು ಆದವು. ಕಿಟಕಿಯಾಗೆ ಮುಖ ಹಾಕಿ ಕೇಳ್ದ, 'ಮಾಸ್ತಪ್ಪ, ಸೀಟು ತುಂಬ್ತಾ?' ಇನ್ನೆರಡು ಅಂದೆ. ಅರ್ಧ ತಾಸಿಗೆ ಇನ್ನೊಬ್ಬ ಬಂದ. ಮತ್ತೆ ಕೇಳ್ದ, 'ಸೀಟು ತುಂಬ್ತಾ?' ಇನ್ನೊಂದು ಸೀಟು ಐತಿ ತಡಿಯಪ್ಪ ಅಂದೆ. ನಾಕು ಜನ ಕೂತ್ರು, ಹೊರಗೆ ಮಳೆ, ಟೀ ಅಂಗಡಿಯಾಗೆ ಬಿಸಿ ಬೋಂಡ, ಗೆಳೆಯರು... ಹೊತ್ತು ಹೋಗಿದ್ದು ಯಾರಿಗೆ ಗೊತ್ತು. ಮೂರನೇ ಸಲ ಕೇಳಿದ್ದು ಭಾಳ ಸಣ್ಣ ದನಿಯಾಗೆ. ಇನ್ನೊಂದು ಸೀಟು ಅಂತ ಅಲ್ಲಿಂದ್ಲೇ ಬೆರಳು ತೋರಿಸ್ದೆ. ಆಮೇಲೆ ಅವನು ಕೇಳ್ಲಿಲ್ಲ. ಸುಮ್ನಾದ. ನಿದ್ದೆ ಹತ್ತೈತಿ, ಒಳ್ಳೇದಾತು ಅನ್ಕೊಂಡೆ ನಾನು."

"ಅಯ್ಯೋ ಅಜ್ಜ" ಎಂದಳು ಅಶ್ವಿನಿ. ಆಗ ಹುಟ್ಟಿದ ಪ್ರೀತಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಬೋಂಡ ತಿಂತಾ ಕೂತಿದ್ರಾ?"

"ತಿಂತಾ ಕೂತಿದ್ದೆ" ಎಂದ ಮಾಸ್ತಪ್ಪ. "ಬೈಬೇಕು ಅಂದ್ರೆ ಬೈ. ನಿನಗೆ ಹಕ್ಕೈತಿ. ಆದ್ರೆ ಪೂರಾ ಕೇಳಿ ಬೈ.

"ಎರಡು ಗಂಟೆಗೆ ಕೊನೇ ಸೀಟು ಬಂತು. ಚೌಡಪ್ಪ ಅಂತ, ಸೊರಬ ಕಡೆಯೋನು, ದೊಡ್ಡ ಆಳು. ಅವನು ನಿಮ್ಮಜ್ಜನ ಆ ಕಡೆ, ಈಗ ನಾನು ಕೂತಿದೀನಲ್ಲ ಇಲ್ಲಿ ತುರುಕ್ಕೊಂಡ. ನಾನು ಈ ಕಡೆ. ನಡುವೆ ನಿಮ್ಮಜ್ಜ ಶಾಲಿನಾಗೆ ಮುದ್ದೆಯಾಗಿ ಕೂತಿದ್ದ. ಹಂದಾಡಾಕೆ ಜಾಗ ಇರ್ಲಿಲ್ಲ ಯಾರಿಗೂ. ತಲೆ ನನ್ನ ಹೆಗಲಿಗೆ ಬಂದಿತ್ತು. ಗಾಡಿ ಸ್ಟಾರ್ಟ್ ಮಾಡ್ದೆ. ಕ್ಲಚ್ ಒತ್ತಿದೆ... ಫಸ್ಟ್ ಬಿತ್ತು. ಹಾ, ಎಚ್ಚರ ಅದಾನೆ ಅಂತ ನನಗೆ ಸಮಾಧಾನ ಆತು.

"ತೊಗರ್ಸಿ ಕ್ರಾಸು, ಹಳ್ಳದ ಸೇತುವೆ, ಗುಂಡಿ, ಎದುರಿಗೆ ಎತ್ತಿನ ಗಾಡಿ... ಎಷ್ಟು ಸಲ ಕ್ಲಚ್ ಒತ್ತಿದೆನೋ ಅಷ್ಟು ಸಲ ಗೇರ್ ಬಿತ್ತು. ಸೆಕೆಂಡು, ಥರ್ಡು, ಟಾಪು, ಮತ್ತೆ ಥರ್ಡು. ಒಂದು ಕಡೆ ಏರು ಬಂತು, ಥರ್ಡಿಂದ ಸೆಕೆಂಡಿಗೆ ತರ್ಬೇಕು. ಕರ್ರ್ ಅನ್ನುತ್ತೆ ಅಂತ ಹಲ್ಲು ಕಚ್ಚಿದೆ. ಅನ್ನಲಿಲ್ಲ. ಬೆಣ್ಣೆಯಾಗೆ ಚಾಕು ಇಳಿದಂಗೆ ಇಳೀತು. ಇವತ್ತು ಟೈಲರ್ ಚೆನ್ನಾಗಿ ಹೊಲೀತಿದಾನೆ ಅಂತ ಒಳಗೊಳಗೇ ನಕ್ಕೆ. ಗೇರ್ ನೋಡ್ಲಿಲ್ಲ ನಾನು. ಗಾಡಿ ಹೊಡೆಯೋನು ರೋಡು ನೋಡ್ತಾನೋ ಗೇರ್ ನೋಡ್ತಾನೋ?

"ಒಂದು ಕೆರೆ ಏರಿ ಮೇಲೆ ಬಂದ್ವಿ. ಅಲ್ಲಿ ಮಾತಾಡ್ದ. ನನ್ನ ಕಿವಿಗೆ ಹತ್ತಿರವೇ, ಸ್ಪಷ್ಟವಾಗಿ... 'ಮಾಸ್ತಪ್ಪ, ಸೀಟು ತುಂಬ್ತಾ?'

"ನನಗೆ ನಗು ಬಂತು. ಅರ್ಧ ದಾರಿ ಬಂದೀವಿ, ನಿದ್ದೆಗಣ್ಣಾಗೆ ಕೇಳ್ತಾನೆ ನೋಡು ಅಂತ. ತಮಾಷೆಗೆ, 'ಇನ್ನೊಂದು ಸೀಟು ಐತಿ, ಮಲ್ಕೊ' ಅಂದೆ. ಆಗ ಚೌಡಪ್ಪ ಆ ಕಡೆಯಿಂದ ಬಗ್ಗಿ ನೋಡಿ, 'ಯಾರ ಹತ್ರ ಮಾತಾಡ್ತಿದೀರಿ?' ಅಂದ. ಅವನೂ ತಮಾಷೆ ಮಾಡ್ತಾನೆ ಅನ್ಕೊಂಡೆ.

"ಮೂರು ಗಂಟೆಗೆ ಸೊರಬ. ಗಾಡಿ ನಿಲ್ಲಿಸ್ದೆ. ಎಲ್ಲರೂ ಇಳಿದ್ರು. ಚೌಡಪ್ಪ ಇಳಿದ... ಅವನು ಇಳಿದ ಕೂಡ್ಲೇ ನಿಮ್ಮಜ್ಜ ಆ ಕಡೆಗೆ ವಾಲ್ಕೊಂಡು, ಕೂತ ಹಂಗೇ ಬಿದ್ದ. ಮಂಡಿ ಮಡಚಿದ್ದು ಮಡಚಿದಂಗೇ ಇತ್ತು. ಮುಟ್ಟಿದ್ರೆ ತಣ್ಣಗೆ. ಪಕ್ಕದ ರಸ್ತೆಯಿಂದ ಅವನಿಗೆ ಬೇಕಾದ ಡಾಕ್ಟ್ರೇ ಓಡಿ ಬಂದ್ರು. ಕಣ್ಣು ಬಿಡಿಸಿ ನೋಡಿದ್ರು, ದವಡೆ ಹಿಡಿದು ನೋಡಿದ್ರು. ನನ್ನ ಮುಖ ನೋಡಿ, 'ಎಲ್ಲಿಂದ ತಂದೆ ಇವರನ್ನ? ಜೀವ ಹೋಗಿ ಎರಡೂವರೆ ತಾಸಾಗೈತಲ್ಲ' ಅಂದ್ರು.

"ಎರಡೂವರೆ ತಾಸು. ಲೆಕ್ಕ ನೀವೇ ಹಾಕ್ರಿ. ನಾನು ಟೀ ಅಂಗಡಿಯಿಂದ ಬೆರಳು ತೋರಿಸ್ದೆನಲ್ಲ, ಆವಾಗ್ಲೇ ಹೋಗಿದಾನೆ. ಆಮೇಲೆ ಇಪ್ಪತ್ತೆರಡು ಕಿಲೋಮೀಟ್ರು ನಾನು ಹೆಣದ ಜೊತೆ ಗಾಡಿ ಹೊಡ್ಕೊಂಡು ಬಂದೀನಿ."

ಕೊಟ್ರೇಶ್ ತಡೆಯಲಾರದೆ ಮುಂದಕ್ಕೆ ಬಗ್ಗಿದ. "ಅಲ್ಲ ಅಜ್ಜ, ಗೇರ್ ನೀವೇ ಹಾಕಿರ್ತೀರಿ. ಅಭ್ಯಾಸದ ಮೇಲೆ ಕೈ ಹೋಗಿರುತ್ತೆ, ನೆನಪಿರಲ್ಲ."

ಮುದುಕ ಈ ಸಲ ಬೈಯಲಿಲ್ಲ. "ನಾನೂ ಅದನ್ನೇ ಹೇಳ್ಕೊಂಡೆ. ಚೌಡಪ್ಪನ್ನ ಕೈ ಹಿಡಿದು ಕೇಳ್ದೆ. ಅವನು ದಾರಿಯುದ್ದಕ್ಕೂ ಗೇರ್ ನೋಡ್ಕೊಂಡೇ ಬಂದಿದ್ದನಂತೆ. 'ನಿಮ್ಮ ಎರಡೂ ಕೈ ಸ್ಟೇರಿಂಗ್ ಮೇಲಿದ್ವು. ಕಡ್ಡಿ ಮಾತ್ರ ಮೇಲೆ ಕೆಳಗೆ ಆಡ್ತಿತ್ತು. ಇದು ಹೊಸ ಥರದ ಗಾಡಿ ಇರ್ಬೇಕು, ತಾನೇ ಹಾಕ್ಕೊಳ್ಳುತ್ತೆ ಅನ್ಕೊಂಡೆ' ಅಂದ. ಹಂಗಾದ್ರೆ ಇವನ ಕೈ? ನಾಕು ಜನ ಸೇರಿ ಶಾಲು ಬಿಚ್ಚಿದ್ವಿ. ಬಲಗೈ ಅಂಗಿಯೊಳಗೆ ಇತ್ತು. ಎದೆ ಮೇಲೆ ಮುಷ್ಟಿ ಕಟ್ಟಿ ಹಿಡ್ಕೊಂಡಿದ್ದ. ಅದರ ಮೇಲೆ ಎಡಗೈ ಒತ್ತಿ ಹಿಡ್ಕೊಂಡಿದ್ದ. ಎರಡೂ ಕೈ ಕಟ್ಟಿಗೆಯಾಗಿದ್ವು, ಬಿಡಿಸಾಕೆ ಆಗ್ಲಿಲ್ಲ. ಹಂಗೇ ಮಣ್ಣು ಮಾಡಿದ್ರು. ನಿಮ್ಮಜ್ಜಿ ಕಂಡಿದಾಳೆ, ಕೇಳು."

ಅಶ್ವಿನಿ ಕೇಳಬೇಕಾಗಿರಲಿಲ್ಲ. ಅಜ್ಜಿ ಅದನ್ನು ನೂರು ಸಲ ಹೇಳಿದ್ದಳು. ಎದೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ ಹಾಗೇ ಹೋದರು ಎಂದು ಅದನ್ನೇ ಒಂದು ಸಮಾಧಾನ ಮಾಡಿಕೊಂಡಿದ್ದಳು. ಅಶ್ವಿನಿಗೆ ಬೈಯಬೇಕೆಂದುಕೊಂಡ ಮಾತೆಲ್ಲ ಮರೆತುಹೋಯಿತು. ಒಂದೂವರೆ ಗಂಟೆ ಹೊತ್ತು ನರಳಿದ ಮನುಷ್ಯ, ಸತ್ತ ಮೇಲೂ ಆಸ್ಪತ್ರೆಗೆ ಹೋಗಬೇಕೆಂದು ದುಡಿದಿದ್ದ. ಅದನ್ನು ನಂಬಬೇಕೋ ಬಿಡಬೇಕೋ ಅವಳಿಗೆ ತಿಳಿಯಲಿಲ್ಲ.

"ಹಂಗಾದ್ರೆ ಕೊನೇ ಮಾತು..." ಎಂದಳು.

"ಅದೇ. 'ಸೀಟು ತುಂಬ್ತಾ?' ಬದುಕಿದ್ದಾಗ ಆಡಿದ್ದೂ ಅದೇ, ಸತ್ತ ಮೇಲೆ ಆಡಿದ್ದೂ ಅದೇ. ಇದನ್ನ ನಿಮ್ಮಜ್ಜಿ ಮುಂದೆ ಹೆಂಗೆ ಹೇಳ್ಲಿ? ಹೆಂಡ್ತಿ ಹೆಸರು ಹೇಳ್ದ ಅಂದೆ. ಚಂದ ಇತ್ತು ಕೇಳಾಕೆ."

"ಆಮೇಲೆ ಈ ಗಾಡಿ ಓಡಿಸಲೇ ಇಲ್ವಾ ನೀವು?"

"ಓಡಿಸ್ದೆ. ಒಂದು ತಿಂಗಳು. ಒಬ್ನೇ ಇದ್ರೂ ಕ್ಲಚ್ ಒತ್ತಿದ್ರೆ ಗೇರ್ ಬೀಳ್ತಿತ್ತು. ತಡ್ಕೊಂಡೆ. ಮಧ್ಯಾಹ್ನ ಆದ್ರೆ ಕಿವಿ ಹತ್ರ ಕೇಳ್ತಿದ್ದ, 'ಸೀಟು ತುಂಬ್ತಾ?' ಅದಕ್ಕೂ ತಡ್ಕೊಂಡೆ. ಇನ್ನೊಂದು ಸೀಟು ಐತಿ ಅಂದ್ರೆ ಸುಮ್ನಾಗ್ತಿದ್ದ. ಕೊನೆಗೆ ಇಲ್ಲಿ ತಂದು ನಿಲ್ಲಿಸ್ದೆ. ಒಂದಿನ ಬಂದು ಕೂರದೇ ಇದ್ರೆ ಮನೆಯೊಳಗೇ ಬಂದು ಕೇಳ್ತಾನೆ, ಉಣ್ಣಾಕೆ ಬಿಡಲ್ಲ. ಅದಕ್ಕೇ ದಿನಾ ಊಟಕ್ಕೆ ಮುಂಚೆ ಇಲ್ಲಿ ಬಂದು ಸ್ಟೇರಿಂಗ್ ಹಿಡ್ಕೊಂಡು ಕೂರ್ತೀನಿ, ಕೇಳ್ತಾನೆ, ಇನ್ನೊಂದು ಸೀಟು ಅಂತೀನಿ, ಎದ್ದು ಹೋಗ್ತೀನಿ. ಮೂವತ್ತಾರು ವರ್ಷ... ಗಾಡಿ ಯಾಕೆ ಮಾರಲ್ಲ ಅಂತ ಈ ಕೊಟ್ರೇಶಿ ಕೇಳ್ತಾನಲ್ಲ, ಈಗ ತಿಳೀತಾ?"

"ತುಂಬ್ತು ಅಂತ ಒಂದ್ಸಲ ಹೇಳ್ಬಿಡ್ಬೇಕಿತ್ತು ಅಜ್ಜ" ಎಂದಳು ಅಶ್ವಿನಿ. ಅಳು ಬಂದಿತ್ತು, ಸಿಟ್ಟೂ ಬಂದಿತ್ತು. "ಅವತ್ತು ಹೇಳ್ಲಿಲ್ಲ ಸರಿ, ಆಮೇಲಾದ್ರೂ ಹೇಳ್ಬೇಕಿತ್ತು. ಆ ಜೀವಕ್ಕೆ ಬಿಡುಗಡೆ ಆಗ್ತಿತ್ತು."

ಮಾಸ್ತಪ್ಪ ಅವಳ ಕಡೆ ತಿರುಗಿದ. "ತುಂಬ್ತು ಅಂದ್ರೆ ಗಾಡಿ ಬಿಡ್ಬೇಕಲ್ಲವ್ವಾ. ಅವನು ಹೋಗೋ ಕಡೆಗೆ ಹೊಡ್ಕೊಂಡು ಹೋಗ್ಬೇಕು. ಸ್ಟೇರಿಂಗ್ ಮುಂದೆ ಕೂತೋನು ನಾನೇ ಅಲ್ವಾ? ಅವನ ಜೊತೆ ಹೋದ ಗಾಡಿ ತಿರುಗಿ ಬರ್ತೈತಾ? ಹೆದ್ರಿಕೆ ನಂಗೆ. ನಾಚಿಕೆ ಬಿಟ್ಟು ಹೇಳ್ತೀನಿ, ಭಾಳ ಹೆದ್ರಿಕೆ."

ತಗಡಿನ ಮೇಲೆ ಮಳೆ ಒಂದೇ ಸಮ ಸುರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅಶ್ವಿನಿ ಹಿಂದಕ್ಕೆ ತಿರುಗಿ, "ಏನಂದ್ರಿ?" ಎಂದಳು.

"ನಾನೇನೂ ಅನ್ನಲಿಲ್ಲ ಮೇಡಂ" ಎಂದ ಕೊಟ್ರೇಶ್.

ಅವಳು ಮಾಸ್ತಪ್ಪನ ಕಡೆ ನೋಡಿದಳು. ಮುದುಕ ಆಗಲೇ ತನ್ನ ಕಡೆಯ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಿದ್ದ. ಅವನ ಕಣ್ಣಲ್ಲಿ ನೀರಿತ್ತು. ಆದರೆ ಮುಖದಲ್ಲಿ, ದೊಡ್ಡ ಹೊರೆಯೊಂದನ್ನು ಕೆಳಗಿಳಿಸಿದವನ ಹಗುರವೂ ಇತ್ತು. ಅವನು ಪೂರ್ತಿ ಇಳಿದು, ಬಾಗಿಲನ್ನು ಹಿಡಿದುಕೊಂಡು ಬಗ್ಗಿದ.

"ನನ್ನ ಮ್ಯಾಲೆ ಬ್ಯಾಸರ ಮಾಡ್ಕೊಬ್ಯಾಡ. ಎಪ್ಪತ್ತೆಂಟು ಆತು ನಂಗೆ, ಇನ್ನು ಆಗಲ್ಲ. ಅವನು ಕೇಳೋದು ಮಾಸ್ತಪ್ಪನ್ನಲ್ಲ ತಾಯಿ... ಸ್ಟೇರಿಂಗ್ ಮುಂದೆ ಕೂತೋರನ್ನ. ನಿಮ್ಮಜ್ಜಿಗೆ ಬೇಕಾದ ಮಾತು ಈಗ ನಿನ್ನ ಕಿವಿಯಾಗೇ ಬಿತ್ತಲ್ಲ? ಅವನು ಕಾಯ್ತಿದಾನೆ. ಏನು ಹೇಳ್ತೀಯೋ... ನೋಡ್ಕೊಂಡು ಹೇಳು."